ಲ್ಯಾಪ್‌ಟಾಪ್‌ನ ಪಾಸ್‌ವರ್ಡ್ ಮತ್ತು ಅರ್ಜಿದಾರರ ದಾಖಲೆಗಳ ಭದ್ರತೆ: ಒಂದು ಸಾಮಯಿಕ ವಿಶ್ಲೇಷಣೆ

ತುಮಕೂರು ನಗರದ ಉತ್ತರ ಅಂಚಿನಲ್ಲಿ, ಶಿರಾ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 48ರ ಬದಿಯಲ್ಲಿರುವ ಅಂತರಸನಹಳ್ಳಿಯು ಕೈಗಾರಿಕಾ ಪ್ರದೇಶ ಹಾಗೂ ತರಕಾರಿ ಮಾರುಕಟ್ಟೆಯ ಕಾರಣದಿಂದ ಜಿಲ್ಲೆಯ ಜನರಿಗೆ ಪರಿಚಿತವಾಗಿದೆ. ಕಾರ್ಖಾನೆಗಳ ಕಾರ್ಮಿಕರು, ಸರಕು ಸಾಗಣೆಯವರು, ಮಾರುಕಟ್ಟೆಗೆ ಉತ್ಪನ್ನ ತರುವ ರೈತರು ಸೇರುವ ಇಂತಹ ಸ್ಥಳಗಳಲ್ಲಿ ಸರ್ಕಾರಿ ಸೇವೆಗಳಿಗೆ ಅರ್ಜಿ ಸಲ್ಲಿಸುವ ಕಾರ್ಯವು ಬಹುಪಾಲು ಒಂದು ಮೇಜು, ಒಂದು ಪ್ರಿಂಟರ್ ಮತ್ತು ಒಂದು ಲ್ಯಾಪ್‌ಟಾಪ್‌ನ ಸುತ್ತ ನಡೆಯುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ಪಡಿತರ ಚೀಟಿ, ವಿದ್ಯಾರ್ಥಿವೇತನ, ಪಿಂಚಣಿ ಇವುಗಳಲ್ಲಿ ಯಾವುದೇ ಇರಲಿ, ಅರ್ಜಿದಾರರ ಮೂಲ ದಾಖಲೆಯು ಮೊದಲು ಆ ಲ್ಯಾಪ್‌ಟಾಪ್‌ನ ಒಳಗೆ ಹೋಗಿ, ಅನಂತರವೇ ಇಲಾಖೆಯ ತಂತ್ರಾಂಶವನ್ನು ಸೇರುತ್ತದೆ.

ಹೊರಬರುವ ಬಗ್ಗೆ ಇದೇ ಖಾತ್ರಿಯಿಲ್ಲ. ಗುಬ್ಬಿ ಅಥವಾ ಕುಣಿಗಲ್‌ನ ಹಳ್ಳಿಯಲ್ಲಿರುವ ಕುಟುಂಬದವರು ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಾಗೂ ಪಡಿತರ ಚೀಟಿಯ ಚಿತ್ರಗಳನ್ನು ವಾಟ್ಸ್‌ಆಪ್ ಮೂಲಕ ಅಂಗಡಿಯ ಸಂಖ್ಯೆಗೆ ಕಳುಹಿಸುವುದು ಇಂದು ಸಾಮಾನ್ಯ ರೂಢಿ. ಅಂಗಡಿಯವರು ಅವನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು, ನಿಗದಿತ ಗಾತ್ರಕ್ಕೆ ಕುಗ್ಗಿಸಿ, ಅರ್ಜಿಗೆ ಲಗತ್ತಿಸುತ್ತಾರೆ. ಸ್ವೀಕೃತಿ ಪತ್ರ ಕೈಗೆ ಬಂದೊಡನೆ ಅರ್ಜಿದಾರರು ಹೊರಡುತ್ತಾರೆ. ಚಿತ್ರದ ಪ್ರತಿಗಳು ಮಾತ್ರ ‘ಡೌನ್‌ಲೋಡ್ಸ್’ ಕಡತಕೋಶದಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. 2023ರ ಜುಲೈ 19ರಂದು ನೋಂದಣಿ ಆರಂಭಗೊಂಡ ಗೃಹಲಕ್ಷ್ಮಿ ಯೋಜನೆ ಒಂದಕ್ಕೇ ರಾಜ್ಯದಲ್ಲಿ ಒಂದು ಕೋಟಿಗೂ ಅಧಿಕ ಮಹಿಳೆಯರು ಹೆಸರು ನೋಂದಾಯಿಸಿದ್ದಾರೆ. ಗ್ರಾಮ ಒನ್, ಕರ್ನಾಟಕ ಒನ್ ಮತ್ತು ಬಾಪೂಜಿ ಸೇವಾ ಕೇಂದ್ರಗಳ ಮೂಲಕ ಈ ನೋಂದಣಿ ನಡೆಯಿತು. ದಾಖಲೆ ಹೊಂದಿಸಿಕೊಳ್ಳಲು ಬೀದಿಯ ಖಾಸಗಿ ಅಂಗಡಿಗಳಿಗೆ ಎಡತಾಕಿದವರನ್ನೂ ಲೆಕ್ಕಕ್ಕೆ ತೆಗೆದುಕೊಂಡಲ್ಲಿ, ಬೇರೆಯವರ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟು ಮನೆಗಳ ಗುರುತಿನ ಚೀಟಿಗಳು ಸಂಗ್ರಹವಾಗಿರಬಹುದೆಂದು ಊಹಿಸಬಹುದು.

ಆದುದರಿಂದ ಲ್ಯಾಪ್‌ಟಾಪ್‌ಗೆ ಹಾಕುವ ಗುಪ್ತಪದ, ಅಂದರೆ ಜನಬಳಕೆಯ ‘ಪಾಸ್‌ವರ್ಡ್’, ಅದರ ಮಾಲೀಕರ ಖಾಸಗಿ ವಿಷಯವಾಗಿ ಉಳಿದಿಲ್ಲ. ಅದು ಆ ಯಂತ್ರದ ಮೂಲಕ ಅರ್ಜಿ ಹಾಕಿದ ಪ್ರತಿಯೊಬ್ಬರಿಗೂ ಸಂಬಂಧಿಸಿದೆ.

2022ರ ಮೇ ತಿಂಗಳ ಪ್ರಕಟಣೆ

ಈ ವಿಷಯವು ಸಾರ್ವಜನಿಕ ಚರ್ಚೆಗೆ ಬಂದದ್ದು ಕರ್ನಾಟಕದಿಂದಲೇ. ಭಾರತೀಯ ವಿಶಿಷ್ಟ ಗುರುತು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು 2022ರ ಮೇ 27ರಂದು ಒಂದು ಪ್ರಕಟಣೆ ಹೊರಡಿಸಿ, ಆಧಾರ್‌ನ ನಕಲು ಪ್ರತಿಯನ್ನು ಯಾವುದೇ ಸಂಸ್ಥೆಗೆ ವಿವೇಚನೆಯಿಲ್ಲದೆ ನೀಡಬಾರದೆಂದು, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮರೆಮಾಚಿದ ಆಧಾರ್ ಬಳಸಬಹುದೆಂದು ತಿಳಿಸಿತು. ಸೈಬರ್ ಕೇಂದ್ರಗಳ ಸಾರ್ವಜನಿಕ ಗಣಕಯಂತ್ರದಲ್ಲಿ ಇ-ಆಧಾರ್ ಇಳಿಸಿಕೊಳ್ಳದಿರುವುದು ಒಳಿತೆಂದೂ, ಇಳಿಸಿಕೊಂಡಲ್ಲಿ ಎಲ್ಲ ಪ್ರತಿಗಳನ್ನು ಶಾಶ್ವತವಾಗಿ ಅಳಿಸಬೇಕೆಂದೂ ಅದರಲ್ಲಿ ಸೂಚಿಸಲಾಗಿತ್ತು. ಎರಡೇ ದಿನಗಳಲ್ಲಿ, ಮೇ 29ರಂದು, ತಪ್ಪು ಅರ್ಥಕ್ಕೆ ಎಡೆಯಾಗುವ ಸಾಧ್ಯತೆಯಿದೆಯೆಂಬ ಕಾರಣ ನೀಡಿ ಕೇಂದ್ರ ಸರ್ಕಾರವು ಅದನ್ನು ಹಿಂಪಡೆಯಿತು. ಆಧಾರ್ ಬಳಕೆಯಲ್ಲಿ ಸಾಮಾನ್ಯ ಎಚ್ಚರಿಕೆ ವಹಿಸಿದರೆ ಸಾಕು ಎಂಬುದು ಬದಲಿ ಸಲಹೆಯಾಗಿತ್ತು.

ಪ್ರಕಟಣೆ ಹಿಂಪಡೆದ ಮಾತ್ರಕ್ಕೆ ಅದರಲ್ಲಿದ್ದ ಸೈಬರ್ ಕೇಂದ್ರದ ಮಾತು ಅಸಂಗತವಾಗುವುದಿಲ್ಲ. ಇ-ಆಧಾರ್ ಕಡತಕ್ಕೆ ಪಾಸ್‌ವರ್ಡ್ ಇದೆಯಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಇದೆ, ಆದರೆ ಅದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ಮತ್ತು ಹುಟ್ಟಿದ ವರ್ಷ. ಕಡತ ಯಾರದೆಂದು ತಿಳಿದವರಿಗೆ ಹೆಸರು ಗೊತ್ತೇ ಇರುತ್ತದೆ. ವರ್ಷವನ್ನು ಪಕ್ಕದಲ್ಲೇ ಇರುವ ಪಡಿತರ ಚೀಟಿಯ ಅಥವಾ ಅಂಕಪಟ್ಟಿಯ ಪ್ರತಿ ಹೇಳುತ್ತದೆ. ಇದನ್ನು ಬೀಗ ಎನ್ನುವುದಕ್ಕಿಂತ ಬಾಗಿಲಿನ ಚಿಲಕ ಎನ್ನುವುದು ಸೂಕ್ತ.

2011ರ ಸೈಬರ್ ಕೆಫೆ ಮಾರ್ಗಸೂಚಿ ನಿಯಮಗಳ ಪ್ರಕಾರ ಕೇಂದ್ರದವರು ಬಳಕೆದಾರರ ಗುರುತಿನ ದಾಖಲೆಯನ್ನು ಕನಿಷ್ಠ ಒಂದು ವರ್ಷ ಭದ್ರವಾಗಿ ಇಟ್ಟುಕೊಳ್ಳಬೇಕು. ಅಪರಾಧ ನಡೆದಾಗ ಯಂತ್ರವನ್ನು ಬಳಸಿದವರು ಯಾರೆಂದು ಪತ್ತೆಹಚ್ಚುವುದು ಇದರ ಉದ್ದೇಶ. ಆದರೆ ದಾಖಲೆ ಇಡುವ ಹೊಣೆಯ ಜೊತೆಗೆ ಅದನ್ನು ಕಾಯುವ ಹೊಣೆಯೂ ಬರುತ್ತದೆ. ಇಡುವ ಕೆಲಸ ತಾನಾಗಿಯೇ ಆಗುತ್ತದೆ. ಕಾಯುವ ಕೆಲಸಕ್ಕೆ ಯಾರಾದರೂ ಕುಳಿತು ವ್ಯವಸ್ಥೆ ಮಾಡಬೇಕು.

ಪಾಸ್‌ವರ್ಡ್ ಏನನ್ನು ಕಾಯುತ್ತದೆ

ಲ್ಯಾಪ್‌ಟಾಪ್ ಚಾಲನೆಯಾದಾಗ ಪರದೆಯ ಮೇಲೆ ಕೇಳುವ ಪಾಸ್‌ವರ್ಡ್ ಇದ್ದರೆ ಒಳಗಿನ ದತ್ತಾಂಶ ಸುರಕ್ಷಿತವೆಂಬುದು ವ್ಯಾಪಕವಾಗಿರುವ ಭಾವನೆ. ಇದು ಅರ್ಧ ಸತ್ಯ. ಆ ಪಾಸ್‌ವರ್ಡ್ ಕಾರ್ಯಾಚರಣಾ ವ್ಯವಸ್ಥೆಯ ಪ್ರವೇಶದ್ವಾರವನ್ನು ಕಾಯುತ್ತದೆ. ಡಿಸ್ಕ್‌ನಲ್ಲಿ ಬರೆದಿಟ್ಟ ಕಡತಗಳನ್ನು ಕಾಯುವುದಿಲ್ಲ. ಡಿಸ್ಕ್ ಬಿಚ್ಚಿ ಇನ್ನೊಂದು ಗಣಕಯಂತ್ರಕ್ಕೆ ಜೋಡಿಸಿದಲ್ಲಿ, ಅಥವಾ ಪೆನ್‌ಡ್ರೈವ್‌ನಿಂದ ಬೇರೊಂದು ವ್ಯವಸ್ಥೆಯನ್ನು ಚಾಲನೆಗೊಳಿಸಿದಲ್ಲಿ, ಯಾವ ಪಾಸ್‌ವರ್ಡ್‌ನ ಅಗತ್ಯವೂ ಇಲ್ಲದೆ ಕಡತಗಳು ತೆರೆದುಕೊಳ್ಳುತ್ತವೆ. ಇದಕ್ಕೆ ವಿಶೇಷ ಪರಿಣತಿ ಬೇಕಿಲ್ಲ. ಲ್ಯಾಪ್‌ಟಾಪ್ ದುರಸ್ತಿ ಮಾಡುವ ಸಾಧಾರಣ ಅಂಗಡಿಯಲ್ಲಿ, ಕೆಟ್ಟುಹೋದ ಯಂತ್ರದಿಂದ ಗ್ರಾಹಕರ ಚಿತ್ರಗಳನ್ನು ಉಳಿಸಿಕೊಡಲು ಪ್ರತಿದಿನ ಮಾಡುವ ಕೆಲಸವಿದು.

ಈ ದಾರಿಯನ್ನು ಮುಚ್ಚುವುದು ಎನ್‌ಕ್ರಿಪ್ಷನ್, ಅಂದರೆ ಗೂಢಲಿಪೀಕರಣ. ಡಿಸ್ಕ್‌ನಲ್ಲಿರುವ ಪ್ರತಿಯೊಂದು ಅಕ್ಷರವನ್ನೂ ಕೀಲಿಯಿಲ್ಲದೆ ಓದಲಾಗದಂತೆ ಬದಲಿಸಿ ಬರೆಯುವ ವಿಧಾನವಿದು. ವಿಂಡೋಸ್‌ನಲ್ಲಿ 2007ರ ವಿಸ್ಟಾ ಆವೃತ್ತಿಯಿಂದ ‘ಬಿಟ್‌ಲಾಕರ್’ ಹೆಸರಿನಲ್ಲಿ ಇದು ಲಭ್ಯವಿದೆ. ಹೋಮ್ ಆವೃತ್ತಿಯ ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಎಂಬ ಸರಳ ರೂಪವಿದೆ. ಆಪಲ್ ಯಂತ್ರಗಳಲ್ಲಿ ಇದರ ಹೆಸರು ‘ಫೈಲ್‌ವಾಲ್ಟ್’. ಉಬುಂಟು ಬಳಸುವವರು ವ್ಯವಸ್ಥೆಯನ್ನು ಅಳವಡಿಸುವ ಸಂದರ್ಭದಲ್ಲಿಯೇ ಈ ಆಯ್ಕೆ ಮಾಡಿಕೊಳ್ಳುವುದು ಸೂಕ್ತ. ನಂತರ ಸೇರಿಸುವುದು ತ್ರಾಸದಾಯಕ. ಇವುಗಳಿಗೆ ಪ್ರತ್ಯೇಕ ಶುಲ್ಕವಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಇದು ಚಾಲನೆಯಲ್ಲಿದೆಯೇ ಎಂದು ನೋಡಲು ಎರಡು ನಿಮಿಷ ಸಾಕು. ಅಷ್ಟಾದರೂ ಹೆಚ್ಚಿನವರು ನೋಡಿಲ್ಲ ಎಂಬುದೇ ವಿಷಾದದ ಸಂಗತಿ.

ಎನ್‌ಕ್ರಿಪ್ಷನ್‌ಗೆ ತನ್ನದೇ ಆದ ಅಪಾಯವಿದೆ; ಅದನ್ನು ಮುಚ್ಚಿಟ್ಟು ಸಲಹೆ ನೀಡುವುದು ಸರಿಯಲ್ಲ. ಬಿಟ್‌ಲಾಕರ್ ಚಾಲನೆಗೊಂಡಾಗ 48 ಅಂಕಿಗಳ ಒಂದು ಮರುಪ್ರಾಪ್ತಿ ಕೀಲಿ ಸಿದ್ಧವಾಗುತ್ತದೆ. ಮದರ್‌ಬೋರ್ಡ್ ಬದಲಿಸಿದಾಗ, ಕೆಲವೊಮ್ಮೆ ತಂತ್ರಾಂಶ ಪರಿಷ್ಕರಣೆಯ ನಂತರ, ಯಂತ್ರವು ಆ ಕೀಲಿಯನ್ನು ಕೇಳಬಹುದು. ಅದು ಇಲ್ಲದಿದ್ದಲ್ಲಿ ದತ್ತಾಂಶವು ಮಾಲೀಕರಿಗೂ ಸಿಗುವುದಿಲ್ಲ. ಯಾವ ಅಂಗಡಿಯವರೂ, ತಯಾರಕ ಸಂಸ್ಥೆಯವರೂ ತೆರೆದುಕೊಡಲಾರರು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಯುಕ್ತ ಪರಿಷ್ಕರಣೆಯಿಂದ ವಿಶ್ವದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡು, ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿಯೂ ವಿಮಾನಯಾನ ಸೇವೆ ವ್ಯತ್ಯಯಗೊಂಡಿತು. ಅಂದು ಯಂತ್ರಗಳನ್ನು ಸರಿಪಡಿಸಲು ಹೊರಟ ತಂತ್ರಜ್ಞರಿಗೆ ಅನೇಕ ಕಡೆ ಮೊದಲು ಎದುರಾದ ಅಡ್ಡಿ ಇದೇ 48 ಅಂಕಿಗಳದು. ಕೀಲಿಯು ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿದೆಯೇ ಎಂದು ಖಚಿತಪಡಿಸಿಕೊಂಡು, ಒಂದು ಪ್ರತಿಯನ್ನು ಕಾಗದದ ಮೇಲೆ ಬರೆದು ಮನೆಯ ಪತ್ರಗಳೊಂದಿಗೆ ಇಡುವುದು ಅಗತ್ಯ. ಲ್ಯಾಪ್‌ಟಾಪ್‌ನ ಚೀಲದೊಳಗೆ ಇಟ್ಟರೆ ಪ್ರಯೋಜನವಿಲ್ಲ.

ಇನ್ನೊಂದು ಮಾತು. ಎನ್‌ಕ್ರಿಪ್ಷನ್ ಪೂರ್ಣವಾಗಿ ಕೆಲಸ ಮಾಡುವುದು ಯಂತ್ರವನ್ನು ಆರಿಸಿದಾಗ. ಚಾಲನೆಯಲ್ಲಿರುವ ಯಂತ್ರದಲ್ಲಿ ಕೀಲಿಯು ಸ್ಮರಣೆಯಲ್ಲಿ ಇದ್ದೇ ಇರುತ್ತದೆ. ಮುಚ್ಚಳ ಮುಚ್ಚಿದೊಡನೆ ಹೆಚ್ಚಿನ ಲ್ಯಾಪ್‌ಟಾಪ್‌ಗಳು ಆರುವುದಿಲ್ಲ, ನಿದ್ರಾಸ್ಥಿತಿಗೆ ಹೋಗುತ್ತವೆ. ತುಮಕೂರು ಹಾಗೂ ಬೆಂಗಳೂರಿನ ನಡುವೆ ಪ್ರತಿದಿನ ರೈಲಿನಲ್ಲಿ ಅಥವಾ ಬಸ್ಸಿನಲ್ಲಿ ಲ್ಯಾಪ್‌ಟಾಪ್ ಹೊತ್ತು ಸಂಚರಿಸುವ ಉದ್ಯೋಗಿಗಳು ಹೊರಡುವ ಮುನ್ನ ಯಂತ್ರವನ್ನು ಪೂರ್ಣವಾಗಿ ಆರಿಸುವುದು ಲೇಸು. ಅಂಗಡಿಯಲ್ಲಿ ಚಹಾಕ್ಕೆಂದು ಏಳುವಾಗ ವಿಂಡೋಸ್ ಕೀಲಿಯೊಂದಿಗೆ ‘ಎಲ್’ ಒತ್ತಿದರೆ ಪರದೆಗೆ ಬೀಗ ಬೀಳುತ್ತದೆ.

ಹಂಚಿಕೊಂಡ ಪಾಸ್‌ವರ್ಡ್: ‘ಭೂಮಿ’ ಯೋಜನೆಯ ಅನುಭವ

ತಾಂತ್ರಿಕ ವ್ಯವಸ್ಥೆ ಎಷ್ಟೇ ಬಲವಾಗಿದ್ದರೂ ಪಾಸ್‌ವರ್ಡ್ ಹತ್ತು ಜನರಿಗೆ ಗೊತ್ತಿದ್ದಲ್ಲಿ ಅದು ವ್ಯರ್ಥ. ಇದು ಪಾಸ್‌ವರ್ಡ್‌ನಷ್ಟೇ ಹಳೆಯ ಸಮಸ್ಯೆ. ಒಂದೇ ಗಣಕಯಂತ್ರವನ್ನು ಅನೇಕರು ಹಂಚಿಕೊಳ್ಳಬೇಕಾಗಿದ್ದ ಕಾರಣದಿಂದಲೇ 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಪಾಸ್‌ವರ್ಡ್ ಬಳಕೆಗೆ ಬಂದಿತು. 1962ರಲ್ಲಿ, ತನಗೆ ನಿಗದಿಯಾದ ಸಮಯ ಸಾಲದೆಂದು ಅಲ್ಲಿನ ಸಂಶೋಧಕರೊಬ್ಬರು ಎಲ್ಲರ ಪಾಸ್‌ವರ್ಡ್‌ಗಳಿದ್ದ ಕಡತವನ್ನೇ ಮುದ್ರಿಸಿಕೊಂಡರು.

ಕರ್ನಾಟಕದ ಕಂದಾಯ ಇಲಾಖೆಯು ಈ ಪ್ರಶ್ನೆಯನ್ನು ಎರಡು ದಶಕಗಳ ಹಿಂದೆಯೇ ಎದುರಿಸಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯಲ್ಲಿ, ಖಾತೆ ಬದಲಾವಣೆಗೆ ಅನುಮೋದನೆ ನೀಡಿದ ಅಧಿಕಾರಿ ಯಾರೆಂಬುದು ಸಂಶಯಕ್ಕೆ ಎಡೆಯಿಲ್ಲದಂತೆ ದಾಖಲಾಗಬೇಕಿತ್ತು. ಕೇವಲ ಪಾಸ್‌ವರ್ಡ್ ಇದ್ದಲ್ಲಿ, ಅದನ್ನು ಬೇರೊಬ್ಬರು ಬಳಸಿದರೆಂದು ಹೇಳಿ ಹೊಣೆಯಿಂದ ಜಾರಿಕೊಳ್ಳುವುದು ಸುಲಭ; ಅಧಿಕಾರಿ ರಜೆಯಲ್ಲಿದ್ದಾಗ ಬೇರೆಯವರಿಂದ ಕೆಲಸ ಮಾಡಿಸುವುದು ಅದಕ್ಕಿಂತ ಸುಲಭ. ಆದುದರಿಂದ ತಂತ್ರಾಂಶ ಪ್ರವೇಶಕ್ಕೆ ಬೆರಳಚ್ಚನ್ನು ಕಡ್ಡಾಯಗೊಳಿಸಲಾಯಿತು. ಭಾರತದ ಗ್ರಾಮೀಣ ಆಡಳಿತದಲ್ಲಿ ಬೆರಳಚ್ಚಿನ ಇಂತಹ ಬಳಕೆಯು ಆ ಕಾಲಕ್ಕೆ ಅಪರೂಪದ್ದಾಗಿತ್ತು.

ಹಾಗಾದರೆ ಬೆರಳಚ್ಚೇ ಪರಿಹಾರವೇ? 2023ರ ಘಟನೆಗಳು ಇದಕ್ಕೆ ತೊಡಕಾದ ಉತ್ತರ ನೀಡಿದವು. ನೋಂದಣಿಯಾದ ದಸ್ತಾವೇಜುಗಳಲ್ಲಿನ ಬೆರಳಚ್ಚಿನ ಚಿತ್ರಗಳಿಂದ ನಕಲು ಬೆರಳಚ್ಚು ತಯಾರಿಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಬ್ಯಾಂಕ್ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಆ ವರ್ಷ ಬೆಂಗಳೂರು ಸೇರಿದಂತೆ ರಾಜ್ಯದ ವಿವಿಧೆಡೆ ವರದಿಯಾದವು. ಆ ಹಿನ್ನೆಲೆಯಲ್ಲಿ ದಸ್ತಾವೇಜುಗಳ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಚುವ ಕ್ರಮ ಕೈಗೊಳ್ಳಲಾಯಿತು. ಸಾರ್ವಜನಿಕರು ಎಂ-ಆಧಾರ್ ಮೂಲಕ ತಮ್ಮ ಬಯೋಮೆಟ್ರಿಕ್‌ಗೆ ಬೀಗ ಹಾಕಿಕೊಳ್ಳುವಂತೆ ಸಲಹೆ ನೀಡಲಾಯಿತು. ಬೆರಳಚ್ಚು ಕಳುವಾದರೆ ಬೇರೆ ಬೆರಳು ಪಡೆಯಲಾಗದು. ಪಾಸ್‌ವರ್ಡ್ ಕಳುವಾದರೆ ಐದು ನಿಮಿಷದಲ್ಲಿ ಬದಲಿಸಬಹುದು. ಈ ಒಂದು ಗುಣದ ಕಾರಣದಿಂದ, ಎಲ್ಲ ದೂರುಗಳ ನಡುವೆಯೂ ಪಾಸ್‌ವರ್ಡ್‌ನ ಅಗತ್ಯ ತೀರಿಲ್ಲ.

‘ಭೂಮಿ’ ಎತ್ತಿದ ಹೊಣೆಗಾರಿಕೆಯ ಪ್ರಶ್ನೆ ಇಂದು ಕಚೇರಿಯ ಗಣಕ ಕೊಠಡಿಯಿಂದ ಲ್ಯಾಪ್‌ಟಾಪ್‌ಗಳಿಗೆ ಸ್ಥಳಾಂತರಗೊಂಡಿದೆ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ನಡೆಸಿದ ಮುಷ್ಕರದ ಬೇಡಿಕೆಗಳಲ್ಲಿ, ಹೆಚ್ಚುತ್ತಿರುವ ತಂತ್ರಾಂಶಗಳ ಕೆಲಸಕ್ಕೆ ಲ್ಯಾಪ್‌ಟಾಪ್ ಮುಂತಾದ ಉಪಕರಣ ಒದಗಿಸಬೇಕೆಂಬುದೂ ಸೇರಿತ್ತು. ಸರ್ಕಾರದ ದತ್ತಾಂಶವು ಸ್ವಂತ ಯಂತ್ರದಲ್ಲಿ, ಮನೆಯ ಮಕ್ಕಳೂ ಬಳಸುವ ಯಂತ್ರದಲ್ಲಿ ಇರುವುದು ಯಾರಿಗೂ ಹಿತವಲ್ಲ. ಖಾಸಗಿ ಅಂಗಡಿಗಳಲ್ಲಿ ಮಾಲೀಕರ ಲಾಗಿನ್‌ನಿಂದಲೇ ಇಬ್ಬರು ಮೂವರು ಸಹಾಯಕರು ಕೆಲಸ ಮಾಡುವುದು, ಪಾಸ್‌ವರ್ಡ್ ಬರೆದ ಚೀಟಿಯನ್ನು ಪರದೆಯ ಅಂಚಿಗೆ ಅಂಟಿಸುವುದು ಮೊದಲಾದವು ಅರ್ಜಿದಾರರ ಕಣ್ಣಿಗೇ ಬೀಳುವ ದೃಶ್ಯಗಳು. ಸಹಾಯಕರು ಕೆಲಸ ಬಿಟ್ಟು ಹೋದ ದಿನ ಪಾಸ್‌ವರ್ಡ್ ಬದಲಾಗುವುದು ವಿರಳ.

ಮನೆಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ರಾಜ್ಯ ಸರ್ಕಾರವು 2020ರಲ್ಲಿ ಪ್ರಥಮ ವರ್ಷದ ಪದವಿ ವಿದ್ಯಾರ್ಥಿಗಳಿಗೆ ಒಂದು ಲಕ್ಷಕ್ಕೂ ಅಧಿಕ ಲ್ಯಾಪ್‌ಟಾಪ್‌ಗಳ ವಿತರಣೆ ಕೈಗೊಂಡಿತು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಮೂಲಕವೂ ಕಾರ್ಮಿಕರ ಮಕ್ಕಳಿಗೆ ಲ್ಯಾಪ್‌ಟಾಪ್ ದೊರೆತಿದೆ. ಇವುಗಳಲ್ಲಿ ಅನೇಕವು ಆ ಮನೆಗೆ ಬಂದ ಮೊದಲ ಗಣಕಯಂತ್ರ. ಅಣ್ಣನ ಪಾಠ, ತಂಗಿಯ ಪರೀಕ್ಷೆ, ತಂದೆಯ ಬ್ಯಾಂಕ್ ವ್ಯವಹಾರ ಎಲ್ಲವೂ ಒಂದೇ ಖಾತೆಯಲ್ಲಿ ನಡೆಯುತ್ತದೆ. ಪ್ರತಿಯೊಬ್ಬರಿಗೂ ಪ್ರತ್ಯೇಕ ಬಳಕೆದಾರ ಖಾತೆ ತೆರೆಯುವ ಸೌಲಭ್ಯ ಎಲ್ಲ ವ್ಯವಸ್ಥೆಗಳಲ್ಲಿದೆ. ಇದನ್ನು ಮನೆಯವರ ಮೇಲಿನ ಅಪನಂಬಿಕೆಯೆಂದು ಭಾವಿಸಬೇಕಾಗಿಲ್ಲ. ಹಳೆಯ ಯಂತ್ರಗಳ ವಿಷಯದಲ್ಲಿ ಗಮನಿಸಬೇಕಾದುದೇನೆಂದರೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ.

ಯಾವ ಪಾಸ್‌ವರ್ಡ್ ಸೂಕ್ತ

ತುಮಕೂರಿನವರು ಪಾಸ್‌ವರ್ಡ್ ಇಡುವಾಗ ‘ಕಲ್ಪತರು’, ‘ಸಿದ್ಧಗಂಗಾ’, ‘ಶಿವಗಂಗೆ’ ಮುಂತಾದ ಹೆಸರುಗಳ ಕಡೆಗೆ ಮನಸ್ಸು ಹರಿಯುವುದು ಸಹಜ. ಕೊನೆಯಲ್ಲಿ ಕೆಎ 06 ವಾಹನ ಸಂಖ್ಯೆಯನ್ನೋ, 572ರಿಂದ ಆರಂಭವಾಗುವ ಪಿನ್ ಕೋಡನ್ನೋ ಸೇರಿಸಿದರೆ ಅದು ಬಲವಾಯಿತೆಂಬ ಸಮಾಧಾನ. ಊರಿನ ಯಾರಾದರೂ ಊಹಿಸುವುದಿದ್ದಲ್ಲಿ ಇವುಗಳಿಂದಲೇ ಆರಂಭಿಸುವರು. ನಾಲ್ಕು ಅಂಕಿಗಳ ಪಿನ್‌ಗೆ ಒಟ್ಟು 10,000 ಸಾಧ್ಯತೆಗಳಿದ್ದರೆ, ಯಾದೃಚ್ಛಿಕವಾಗಿ ಆಯ್ದ ಎಂಟು ಇಂಗ್ಲಿಷ್ ಸಣ್ಣಕ್ಷರಗಳಿಗೆ ಸುಮಾರು 20,880 ಕೋಟಿ ಸಾಧ್ಯತೆಗಳಿವೆ. ಇಂದಿನ ಯಂತ್ರಗಳ ವೇಗಕ್ಕೆ ಈ ಎರಡನೆಯ ಸಂಖ್ಯೆಯೂ ದೊಡ್ಡದಲ್ಲ. ಉದ್ದ ಹೆಚ್ಚಿದಂತೆ ಸಾಧ್ಯತೆಗಳು ಕೂಡಿಕೆಯಿಂದಲ್ಲ, ಗುಣಾಕಾರದಿಂದ ಬೆಳೆಯುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ ಬರೆದಲ್ಲಿ ನೆನಪಿಡಲು ಸುಲಭ, ಊಹಿಸಲು ಕಷ್ಟ. ಗಾದೆ, ವಚನ ಅಥವಾ ಚಲನಚಿತ್ರ ಗೀತೆಯ ಸಾಲು ಬೇಡ. ಅವು ಎಲ್ಲರ ಬಾಯಲ್ಲಿರುವಂಥವು.

ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕು, ಅದರಲ್ಲಿ ದೊಡ್ಡಕ್ಷರ, ಅಂಕಿ, ಚಿಹ್ನೆ ಇರಲೇಬೇಕು ಎಂಬ ನಿಯಮವು ಅನೇಕ ಕಚೇರಿಗಳಲ್ಲಿ ಇಂದಿಗೂ ಇದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 2000ರ ದಶಕದ ಆರಂಭದಲ್ಲಿ ನೀಡಿದ ಸಲಹೆಯಿಂದ ಈ ರೂಢಿಗೆ ಬಲ ಬಂದಿತ್ತು. ಅದೇ ಸಂಸ್ಥೆ 2017ರಲ್ಲಿ ತನ್ನ ನಿಲುವನ್ನು ಬದಲಿಸಿ, ಸೋರಿಕೆಯ ಸಂಶಯವಿಲ್ಲದೆ ನಿಯತಕಾಲಿಕ ಬದಲಾವಣೆ ಬೇಡವೆಂದು, ಉದ್ದಕ್ಕೆ ಪ್ರಾಶಸ್ತ್ಯವಿರಲೆಂದು ತಿಳಿಸಿತು. ಬಲವಂತವಾಗಿ ಬದಲಿಸುವವರು ಕೊನೆಯ 1ನ್ನು 2 ಮಾಡುತ್ತಾರೆ, 2ನ್ನು 3 ಮಾಡುತ್ತಾರೆ ಎಂಬುದು ಯಾವ ಕಚೇರಿಗೂ ಗೊತ್ತಿರುವ ಸಂಗತಿ. ಹಳೆಯ ನಿಯಮವನ್ನು ಇನ್ನೂ ಹಿಡಿದುಕೊಂಡಿರುವುದು ಸಮರ್ಥನೀಯವಲ್ಲ.

ಸೇವಾ ಕೇಂದ್ರದಲ್ಲಿ ಅರ್ಜಿದಾರರು ತಮ್ಮ ಖಾತೆಗೆ ಪ್ರವೇಶಿಸಿದಾಗ, ಪಾಸ್‌ವರ್ಡ್ ಉಳಿಸಬೇಕೇ ಎಂದು ಬ್ರೌಸರ್ ಕೇಳುತ್ತದೆ. ‘ಬೇಡ’ ಎಂಬುದನ್ನೇ ಆರಿಸತಕ್ಕದ್ದು. ಹೊರಡುವ ಮುನ್ನ ಲಾಗ್‌ಔಟ್ ಆಗಿದೆಯೇ ಎಂದು ಪರದೆಯನ್ನು ನೋಡುವುದಕ್ಕೂ, ಕಳುಹಿಸಿದ ಚಿತ್ರಗಳನ್ನು ‘ಡೌನ್‌ಲೋಡ್ಸ್’ನಿಂದಲೂ ‘ರಿಸೈಕಲ್ ಬಿನ್’ನಿಂದಲೂ ತಮ್ಮ ಎದುರಿಗೇ ಅಳಿಸುವಂತೆ ಕೇಳುವುದಕ್ಕೂ ಸಂಕೋಚ ಪಡಬೇಕಾಗಿಲ್ಲ. ಪೆಟ್ಟಿಗೆ ಅಂಗಡಿಯಲ್ಲಿ ಚಿಲ್ಲರೆ ಎಣಿಸಿಕೊಳ್ಳುವಷ್ಟೇ ಸಹಜವಾದ ಕೆಲಸವಿದು. ಸಾಧ್ಯವಿರುವೆಡೆ ಡಿಜಿಲಾಕರ್‌ನಿಂದ ನೇರವಾಗಿ ದಾಖಲೆ ಒದಗಿಸಿದಲ್ಲಿ ಪ್ರತಿಯನ್ನು ಬೇರೆಯವರ ಯಂತ್ರದಲ್ಲಿ ಇಳಿಸುವ ಪ್ರಮೇಯವೇ ಬರುವುದಿಲ್ಲ.

ಲ್ಯಾಪ್‌ಟಾಪ್ ಕಳುವಾದಲ್ಲಿ

ಮೊಬೈಲ್ ದೂರವಾಣಿ ಕಳುವಾದರೆ ಅದರ ಐಎಂಇಐ ಸಂಖ್ಯೆಯನ್ನು ಕೇಂದ್ರೀಯ ದಾಖಲಾತಿ ವ್ಯವಸ್ಥೆಯ ಮೂಲಕ ತಡೆಹಿಡಿಯಬಹುದು. 2023ರ ಮೇ 17ರಿಂದ ದೇಶದಾದ್ಯಂತ ಲಭ್ಯವಿರುವ ಈ ಸೌಲಭ್ಯದಿಂದ ಅನೇಕರಿಗೆ ಮೊಬೈಲ್ ಮರಳಿ ದೊರೆತಿದೆ. ಲ್ಯಾಪ್‌ಟಾಪ್‌ಗೆ ಇಂತಹ ವ್ಯವಸ್ಥೆಯಿಲ್ಲ. ಅದರ ಮೇಲಿರುವುದು ತಯಾರಕರ ಕ್ರಮಸಂಖ್ಯೆ ಮಾತ್ರ. ಆ ಸಂಖ್ಯೆಯ ಆಧಾರದಲ್ಲಿ ಯಂತ್ರವನ್ನು ದೂರದಿಂದ ನಿಷ್ಕ್ರಿಯಗೊಳಿಸುವ ಸಾರ್ವಜನಿಕ ಕಚೇರಿ ಯಾವುದೂ ಇಲ್ಲ. ಕಳುವಿಗೆ ಮುನ್ನ ಮಾಡಿದ ಎನ್‌ಕ್ರಿಪ್ಷನ್ ಮತ್ತು ಬೇರೆಡೆ ಇಟ್ಟ ಪ್ರತಿ ಇವೆರಡೇ ಆಸರೆ. ಕ್ರಮಸಂಖ್ಯೆಯನ್ನು ಖರೀದಿ ರಸೀದಿಯೊಂದಿಗೆ ಬರೆದಿಟ್ಟುಕೊಂಡಿದ್ದಲ್ಲಿ ದೂರು ನೀಡುವಾಗ ಅನುಕೂಲವಾಗುತ್ತದೆ.

ಕಳೆದುಹೋದ ವಸ್ತುವಿಗೆ ಕರ್ನಾಟಕ ರಾಜ್ಯ ಪೊಲೀಸ್‌ನ ಇ-ಲಾಸ್ಟ್ ಸೌಲಭ್ಯದಲ್ಲಿ ವರದಿ ಸಲ್ಲಿಸಬಹುದು. ಆದರೆ ಕಳವು ಬೇರೆ. ಅದಕ್ಕೆ ಪ್ರಥಮ ವರ್ತಮಾನ ವರದಿ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಘಟನೆ ಎಲ್ಲಿಯೇ ನಡೆದಿರಲಿ ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು. ವಿದ್ಯುನ್ಮಾನ ಮಾರ್ಗದಲ್ಲಿ ನೀಡಿದ ಮಾಹಿತಿಗೆ ಮೂರು ದಿನಗಳೊಳಗೆ ಸಹಿ ಮಾಡಬೇಕು. ಪ್ರತಿಯನ್ನು ಉಚಿತವಾಗಿ ಪಡೆಯುವ ಹಕ್ಕು ದೂರುದಾರರಿಗಿದೆ. ಬೆಂಗಳೂರಿನಿಂದ ಮರಳುವ ದಾರಿಯಲ್ಲಿ ಲ್ಯಾಪ್‌ಟಾಪ್ ಕಳೆದುಕೊಂಡವರು ಯಾವ ಠಾಣೆಯ ವ್ಯಾಪ್ತಿಯೆಂದು ಅಲೆಯುವ ಅಗತ್ಯ ಇದರಿಂದ ತಪ್ಪಿದೆ. ದೂರಿಗಿಂತಲೂ ಮೊದಲು, ಬೇರೊಂದು ಸಾಧನದಿಂದ ಇ-ಮೇಲ್‌ನ ಪಾಸ್‌ವರ್ಡ್ ಬದಲಿಸಿ ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡುವುದು ಒಳಿತು. ಉಳಿದ ಖಾತೆಗಳ ಪಾಸ್‌ವರ್ಡ್‌ಗಳನ್ನು ಮರುಹೊಂದಿಸುವ ಕೊಂಡಿಗಳು ಬರುವುದು ಅದೇ ಇ-ಮೇಲ್‌ಗೆ. ಮೊಬೈಲ್‌ನಲ್ಲಿ ವಾಟ್ಸ್‌ಆಪ್‌ನ ‘ಲಿಂಕ್ಡ್ ಡಿವೈಸಸ್’ ತೆರೆದು ಆ ಲ್ಯಾಪ್‌ಟಾಪ್‌ನ ಸಂಪರ್ಕವನ್ನೂ ಕಡಿತಗೊಳಿಸಬೇಕು.

ಸೇವಾ ಅಂಗಡಿಯ ಲ್ಯಾಪ್‌ಟಾಪ್ ಕಳುವಾದಲ್ಲಿ ಸ್ಥಿತಿ ಇನ್ನೂ ಗಂಭೀರ. ಮಾಲೀಕರು ಯಂತ್ರದ ಬೆಲೆಗಾಗಿ ದೂರು ನೀಡುತ್ತಾರೆ. ಒಳಗಿದ್ದ ದಾಖಲೆಗಳ ಒಡೆಯರಿಗೆ ಸುದ್ದಿಯೇ ತಲುಪದಿರಬಹುದು.

ಕಾನೂನಿನ ಸ್ಥಿತಿ

ಬೇರೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಅಥವಾ ಅಪ್ರಾಮಾಣಿಕವಾಗಿ ಬಳಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 66ಸಿ ಕಲಮಿನಡಿ ಮೂರು ವರ್ಷಗಳವರೆಗೆ ಕಾರಾವಾಸ ಮತ್ತು ಒಂದು ಲಕ್ಷ ರೂಪಾಯಿಗಳವರೆಗೆ ದಂಡಕ್ಕೆ ಗುರಿಪಡಿಸುವ ಅಪರಾಧ. ಈ ಕಲಂ 2009ರ ಅಕ್ಟೋಬರ್ 27ರಿಂದ ಜಾರಿಯಲ್ಲಿದೆ. ದಾಖಲೆಗಳನ್ನು ಇಟ್ಟುಕೊಂಡವರ ಹೊಣೆಯ ವಿಷಯದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ಮುಖ್ಯವಾದುದು. ಸೂಕ್ತ ಭದ್ರತೆ ಕೈಗೊಳ್ಳದೆ ಸೋರಿಕೆಗೆ ಕಾರಣವಾದಲ್ಲಿ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು, ಹಾಗೂ ಸೋರಿಕೆಯನ್ನು ಸಂಬಂಧಪಟ್ಟ ವ್ಯಕ್ತಿಗಳಿಗೆ ತಿಳಿಸಲು ಅದರಲ್ಲಿ ಅವಕಾಶವಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಪ್ರಮುಖ ಕರ್ತವ್ಯಗಳ ಜಾರಿಗೆ ಆಗ 18 ತಿಂಗಳ ಕಾಲಾವಕಾಶ ನೀಡಲಾಗಿತ್ತು. ಬೀದಿಬದಿಯ ಸೇವಾ ಅಂಗಡಿಯವರಿಗೆ ಈ ಅಧಿನಿಯಮದ ತಿಳಿವಳಿಕೆ ಎಷ್ಟರಮಟ್ಟಿಗೆ ತಲುಪುವುದೆಂಬುದರ ಮೇಲೆ ಅದರ ಫಲ ನಿಂತಿದೆ. ಬೃಹತ್ ಸಂಸ್ಥೆಗಳನ್ನು ಉದ್ದೇಶಿಸಿದ ದಂಡದ ಮೊತ್ತವು ಸಣ್ಣ ಅಂಗಡಿಗೆ ಹೆದರಿಕೆಯನ್ನೂ ಹುಟ್ಟಿಸದು, ದಾರಿಯನ್ನೂ ತೋರಿಸದು.

ಪಾಸ್‌ವರ್ಡನ್ನು ಯಾರಿಗೂ ಹೇಳಬಾರದು ಎಂಬ ಸಲಹೆಗೆ ಒಂದು ಮಿತಿಯೂ ಇದೆ. ತನಿಖೆಯ ಸಂದರ್ಭದಲ್ಲಿ ಪೊಲೀಸರು ಕೇಳಿದರೆ ಏನು ಮಾಡಬೇಕು? ಕರ್ನಾಟಕ ಉಚ್ಚ ನ್ಯಾಯಾಲಯವು 2021ರ ಮಾರ್ಚ್ 12ರ ತೀರ್ಪಿನಲ್ಲಿ, ಪಾಸ್‌ವರ್ಡ್ ನೀಡುವಂತೆ ಆರೋಪಿಗೆ ನಿರ್ದೇಶಿಸುವುದು ತನ್ನ ವಿರುದ್ಧ ತಾನೇ ಸಾಕ್ಷ್ಯ ನುಡಿಯುವಂತೆ ಒತ್ತಾಯಿಸಿದಂತೆ ಆಗುವುದಿಲ್ಲವೆಂದು ಹೇಳಿತು. ಅದರೊಂದಿಗೆ, ಶೋಧನೆಗೆ ಸಾಮಾನ್ಯವಾಗಿ ನ್ಯಾಯಾಲಯದ ವಾರಂಟ್ ಅಗತ್ಯವೆಂದೂ, ದೊರೆತ ಖಾಸಗಿ ಮಾಹಿತಿಯನ್ನು ಮೂರನೆಯವರಿಗೆ ನೀಡಲು ನ್ಯಾಯಾಲಯದ ಅನುಮತಿ ಬೇಕೆಂದೂ ತಿಳಿಸಿ, ಗಣಕಯಂತ್ರಗಳ ವಶಪಡಿಕೆಗೆ ಮಾರ್ಗಸೂಚಿಗಳನ್ನು ನೀಡಿತು. 2023ರ ಡಿಸೆಂಬರ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಜಾಮೀನು ಪ್ರಕರಣವೊಂದರಲ್ಲಿ, ವಿಚಾರಣೆ ಬಾಕಿಯಿರುವಾಗ ಪಾಸ್‌ವರ್ಡ್ ಬಹಿರಂಗಪಡಿಸುವಂತೆ ಆರೋಪಿಯನ್ನು ಬಲವಂತಪಡಿಸಲಾಗದೆಂಬ ಅಭಿಪ್ರಾಯ ತಳೆಯಿತು. ನ್ಯಾಯಾಲಯಗಳ ಮುಂದೆಯೇ ಎರಡು ದೃಷ್ಟಿಗಳಿರುವ ಈ ವಿಷಯದಲ್ಲಿ ಲ್ಯಾಪ್‌ಟಾಪ್ ವಶಕ್ಕೆ ನೀಡಬೇಕಾಗಿ ಬಂದವರು ವಕೀಲರ ಸಲಹೆ ಪಡೆಯುವುದು ಮತ್ತು ವಶಪಡಿಕೆಯ ಪಂಚನಾಮೆಯಲ್ಲಿ ಯಂತ್ರದ ಕ್ರಮಸಂಖ್ಯೆ ನಮೂದಾಗಿದೆಯೇ ಎಂದು ನೋಡಿಕೊಳ್ಳುವುದು ಸೂಕ್ತ.

ದೂರವಾಣಿಯಲ್ಲಿ ಕರೆ ಮಾಡಿ ಪಾಸ್‌ವರ್ಡ್ ಅಥವಾ ಒಟಿಪಿ ಕೇಳುವವರು ತಮ್ಮನ್ನು ಅಧಿಕಾರಿಯೆಂದು ಹೇಳಿಕೊಂಡರೂ ನೀಡತಕ್ಕದ್ದಲ್ಲ. ಯಾವುದೇ ಸೇವೆಯ ಅರ್ಜಿಯನ್ನು ಪರಿಶೀಲಿಸಲು ಅರ್ಜಿದಾರರ ಪಾಸ್‌ವರ್ಡ್‌ನ ಅವಶ್ಯಕತೆ ಇರುವುದಿಲ್ಲ. ದಾಖಲೆಗಳ ದುರ್ಬಳಕೆಯಿಂದ ಖಾತೆಯಲ್ಲಿನ ಹಣ ಹೋಗಿರುವುದು ಕಂಡುಬಂದಲ್ಲಿ ವಿಳಂಬವಿಲ್ಲದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ದಾಟುವ ಮುನ್ನ ತಡೆಹಿಡಿಯಲು ಮೊದಲ ಕೆಲವು ಗಂಟೆಗಳೇ ನಿರ್ಣಾಯಕ. ಲಿಖಿತ ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಅಥವಾ ತುಮಕೂರಿನ ಸಿಇಎನ್ ಅಪರಾಧ ಪೊಲೀಸ್ ಠಾಣೆಯಲ್ಲಿ ಸಲ್ಲಿಸಬಹುದು.